ಗುಳೆ ಹೋದವರ ಮತ: ಗೈರುಹಾಜರಿ ಮತದಾನದ ಟಿಪ್ಪಣಿ

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾವೆಲ್ಲ ಈ ವಿಷಯವನ್ನು ‘ಅಂಚೆ ಮತಪತ್ರ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಬಿಡಿಸೋಣ. ಇಂಡಿ ತಾಲ್ಲೂಕಿನ ತಾಂಡಾದಿಂದ ಗೋವಾಕ್ಕೆ ಗುಳೆ ಹೋದ ಗಾರೆ ಕೆಲಸದವರು ಮತದಾನದ ದಿನ ಊರಿನಲ್ಲಿಲ್ಲ. ಅವರು ಗೈರುಹಾಜರಿ ಮತದಾರರೇ? ಮಾತಿನ ಅರ್ಥದಲ್ಲಿ ಹೌದು. ಕಾನೂನಿನ ಪ್ರಕಾರ ಅಲ್ಲ.

1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ, ಮತಗಟ್ಟೆಗೆ ಬಾರದೆ ಮತ ಹಾಕುವ ಅವಕಾಶ ಕೆಲವು ವರ್ಗಗಳಿಗೆ ಮಾತ್ರ ಇದೆ. ಸೈನಿಕರು ಸೇವಾ ಮತದಾರರು. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತರಬೇತಿ ಪಡೆದು ಗಡಿಗೆ ಹೋದವರನ್ನು ನೆನಪಿಸಿಕೊಳ್ಳಿ. 2016ರ ತಿದ್ದುಪಡಿಯ ನಂತರ ಅವರಿಗೆ ಮತಪತ್ರ ವಿದ್ಯುನ್ಮಾನ ರೂಪದಲ್ಲಿ ತಲುಪುತ್ತದೆ, ಗುರುತು ಹಾಕಿದ ಪತ್ರ ಮಾತ್ರ ಅಂಚೆಯಲ್ಲಿಯೇ ಮರಳಬೇಕು. ಪರೀಕ್ಷೆಯಲ್ಲಿ ಇಲ್ಲಿಯೇ ಎಡವುತ್ತೇವೆ: ಹೋಗುವುದು ವಿದ್ಯುನ್ಮಾನ, ಬರುವುದು ಅಂಚೆ.

ನಿಯಮಗಳಲ್ಲಿ ‘ಗೈರುಹಾಜರಿ ಮತದಾರ’ ಎಂದು ಕರೆದಿರುವುದು ಹಿರಿಯರು, ಅಂಗವಿಕಲರು ಮತ್ತು ಅಧಿಸೂಚಿತ ಅಗತ್ಯ ಸೇವೆಯವರನ್ನು. 2019ರ ಬದಲಾವಣೆಯಲ್ಲಿ ಹಿರಿಯರ ವಯೋಮಿತಿ 80 ಇತ್ತು, 2024ರಲ್ಲಿ ಅದನ್ನು 85ಕ್ಕೆ ಏರಿಸಿದರು. ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕು. ಹಿರಿಯರು, ಅಂಗವಿಕಲರು ಚುನಾವಣೆಯ ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12ಡಿ ಎಂಬ ಅರ್ಜಿ ಕೊಟ್ಟರೆ ಅಧಿಕಾರಿಗಳ ತಂಡ ಮನೆಗೆ ಬರುತ್ತದೆ. ಒಮ್ಮೆ ಇದಕ್ಕೆ ಒಪ್ಪಿಗೆ ಸಿಕ್ಕರೆ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ.

2023ರ ವಿಧಾನಸಭಾ ಚುನಾವಣೆಯಲ್ಲಿ ಮುಧೋಳದ ಹತ್ತಿರದ ನಮ್ಮೂರಿನಲ್ಲಿ ನಮ್ಮ ಆಯಿ ಹೀಗೆಯೇ ಮತ ಹಾಕಿದರು. ಪಡಸಾಲೆಯಲ್ಲಿ ರಟ್ಟಿನ ಮರೆ ಇಟ್ಟಿದ್ದರು. ಆಯಿ ಪೆನ್ನು ಹಿಡಿದು ಕಾಕಾನ ಕಡೆ ತಿರುಗಿ, “ಯಾವುದಕ್ಕೆ ಹಾಕಲಿ, ತಮ್ಮಾ?” ಎಂದು ಕೇಳಿದರು. ತಂಡದಲ್ಲಿದ್ದ ಅಧಿಕಾರಿ ಕಾಕಾನನ್ನು, “ನೀವು ಸ್ವಲ್ಪ ಅಂಗಳದಲ್ಲಿ ನಿಲ್ಲಿರಿ” ಎಂದು ಹೊರಗೆ ಕಳಿಸಿದರು. ಆಯಿ ಬಹಳ ಹೊತ್ತು ಮತಪತ್ರ ನೋಡುತ್ತ ಕುಳಿತು ಒಬ್ಬರೇ ಗುರುತು ಹಾಕಿದರು. ಆ ಅಧಿಕಾರಿ ಸುಮ್ಮನಿದ್ದಿದ್ದರೆ ಅದು ಕಾಕಾನ ಮತವಾಗುತ್ತಿತ್ತು. ಗುಪ್ತ ಮತದಾನವನ್ನು ಮತಗಟ್ಟೆಯಲ್ಲಿ ಗೋಡೆ ಕಾಯುತ್ತದೆ, ಮನೆಯಲ್ಲಿ ಒಬ್ಬ ನೌಕರನ ದಿಟ್ಟತನವೇ ಕಾಯಬೇಕು.

ಎರಡನೆಯ ತೊಡಕು, ಮತಪತ್ರ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದು. 2018ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ 9ನೇ ಸಂಸದೀಯ ಕ್ಷೇತ್ರದಲ್ಲಿ ಒಬ್ಬ ಅಭ್ಯರ್ಥಿಯ ಪರ ದುಡಿದವರು ಮನೆಮನೆಯಿಂದ ಗೈರುಹಾಜರಿ ಮತಪತ್ರಗಳನ್ನು ಅಕ್ರಮವಾಗಿ ಸಂಗ್ರಹಿಸಿದ್ದು ಬಯಲಾಯಿತು. ಫಲಿತಾಂಶ ತಡೆಹಿಡಿದು 2019ರಲ್ಲಿ ಮರುಚುನಾವಣೆ ನಡೆಸಬೇಕಾಯಿತು. ನಮ್ಮಲ್ಲಿ ಚುನಾವಣಾ ಕರ್ತವ್ಯದ ಸಿಬ್ಬಂದಿ ಮತಪತ್ರವನ್ನು ಮನೆಗೆ ಒಯ್ಯದೆ, ಅವರಿಗೆಂದೇ ತೆರೆಯುವ ಸೌಲಭ್ಯ ಕೇಂದ್ರದಲ್ಲಿಯೇ ಮತ ಹಾಕಬೇಕೆಂದು 2023ರಲ್ಲಿ ನಿಯಮ ತಿದ್ದಿದ್ದರ ಹಿಂದೆಯೂ ಇಂಥದೇ ಆತಂಕವಿದೆ.

ಈಗ ತಾಂಡಾದವರ ವಿಷಯ. 2024ರ ಮೇ 7ರಂದು ವಿಜಯಪುರದಲ್ಲಿಯೂ ಗೋವಾದಲ್ಲಿಯೂ ಒಂದೇ ದಿನ ಮತದಾನ ನಡೆಯಿತು. 1951ರ ಅದೇ ಕಾಯ್ದೆಯ 135ಬಿ ಸೆಕ್ಷನ್ ಪ್ರಕಾರ ಆ ದಿನ ಸಂಬಳಸಹಿತ ರಜೆ, ದಿನಗೂಲಿಯವರಿಗೂ. ಆದರೆ ರಜೆ ಕೊಡದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ! ಗುತ್ತಿಗೆದಾರನ ಎದುರು ನಿಂತು ಪಗಾರದ ರಜೆ ಕೇಳುವ ಧೈರ್ಯ ಯಾರಿಗಿದೆ? ಒಂದೇ ದಿನದಲ್ಲಿ ಇಂಡಿಗೆ ಬಂದು ಹೋಗುವುದೂ ಆಗದ ಮಾತು. ಹೆಸರನ್ನೇ ಗೋವಾಕ್ಕೆ ವರ್ಗಾಯಿಸಿಕೊಳ್ಳಬಹುದಲ್ಲ ಎನ್ನುತ್ತಾರೆ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಬದುಕುವವರಿಗೆ, ಹೊಲ, ರೇಷನ್ ಕಾರ್ಡ್, ಮಕ್ಕಳು ಎಲ್ಲ ಊರಿನಲ್ಲಿರುವಾಗ, ಅದು ಸಲಹೆಯೇ ಅಲ್ಲ.

2022ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗವು 72 ಕ್ಷೇತ್ರಗಳ ಮತವನ್ನು ಒಂದೇ ಮತಗಟ್ಟೆಯಲ್ಲಿ ಪಡೆಯಬಲ್ಲ ದೂರ ಮತಯಂತ್ರದ ಪ್ರಸ್ತಾಪ ಮುಂದಿಟ್ಟಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ, 2024ರಲ್ಲಿ ಅದು ಬಳಕೆಯಾಗಲಿಲ್ಲ. ಯಂತ್ರವೇ ಬೇಕೆಂದೂ ಇಲ್ಲ. ಕಣಿವೆ ಬಿಟ್ಟು ಬಂದ ಕಾಶ್ಮೀರಿಗಳಿಗಾಗಿ ದೆಹಲಿಯಲ್ಲಿಯೇ ವಿಶೇಷ ಮತಗಟ್ಟೆ ತೆರೆಯುವ ಪದ್ಧತಿ ಇದೆ. ಅಂಥ ಮತಗಟ್ಟೆಯನ್ನು ಗೋವಾದಲ್ಲಿ, ಕೊಲ್ಹಾಪುರದಲ್ಲಿ ಪ್ರಯೋಗಕ್ಕಾದರೂ ತೆರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಎದುರಾಗುವ ನಿಜವಾದ ಕಷ್ಟ, ಮತಗಟ್ಟೆಯಲ್ಲಿ ಅಭ್ಯರ್ಥಿಗಳ ಪರ ಕೂರುವ ಏಜೆಂಟರದು. ದೊಡ್ಡ ಪಕ್ಷಗಳಿಗೆ ವಾಸ್ಕೋದಲ್ಲಿಯೂ ಜನ ಸಿಗುತ್ತಾರೆ. ವಿಜಯಪುರದ ಪಕ್ಷೇತರ ಅಭ್ಯರ್ಥಿಯ ಪರವಾಗಿ ಅಲ್ಲಿ ಕುಳಿತು ಮತದಾರರ ಪಟ್ಟಿ ತಾಳೆ ನೋಡುವವರು ಯಾರು, ಅವರ ಬಸ್ ಖರ್ಚು ಯಾರದು ಎಂಬುದನ್ನು ನಿಯಮದಲ್ಲಿಯೇ ಬರೆಯಬೇಕಾಗುತ್ತದೆ.