ಕಾಂಡ್ಲಾ ಕಾಡು ಕಾಯಲು ಊರವರು ಯಾಕೆ ಬೇಕು?

ಪ್ರಶ್ನೆ: ಕುಮಟಾಕ್ಕೆ ಹೋದಾಗ ಅಘನಾಶಿನಿ ಹಿನ್ನೀರಿನಲ್ಲಿ ಬೇರು ಮೇಲೆತ್ತಿ ನಿಂತ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೋಡಿದೆ. ಅವನ್ನು ನೆಡೋದು, ಕಾಯೋದು ಅರಣ್ಯ ಇಲಾಖೆ ಕೆಲಸ ಅಲ್ವಾ? ಊರವರು ಯಾಕೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಇಲಾಖೆ ಕೆಲಸ ಹೌದು. ಆದರೆ ದಿನಕ್ಕೆರಡು ಸಲ ನೀರು ಏರಿ ಇಳಿಯುವ ಕೆಸರಿನಲ್ಲಿ ಗಾರ್ಡ್ ಎಷ್ಟು ಓಡಾಡಬಲ್ಲರು? ದಿನಾ ಅಲ್ಲಿರುವವರು ಮೀನುಗಾರರು, ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ) ಆರಿಸುವ ಹೆಂಗಸರು, ಗಜನಿ ರೈತರು. ಗಜನಿ ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ನಮ್ಮ ಹೊಲದ ಒಡ್ಡಿನಂತೆ ಅದಕ್ಕೂ ಕಟ್ಟೆ ಇರುತ್ತದೆ. ಅಲೆಗೆ ಅದು ಕೊಚ್ಚಿ ಹೋಗದಂತೆ ಹಿಡಿಯುವುದು ಕಾಂಡ್ಲಾ ಬೇರು. ಮೀನು, ಸೀಗಡಿ ಮರಿಗಳು ಅಡಗುವುದೂ ಅದರೊಳಗೇ.

ಕಾಂಡ್ಲಾ ಬೀಜ ಮರದಲ್ಲೇ ಮೊಳೆತು ನುಗ್ಗೇಕಾಯಿಯಂಥ ಕೋಡಾಗುತ್ತದೆ. ಕಿತ್ತು ಕೆಸರಿಗೆ ಚುಚ್ಚಿದರಾಯ್ತು. ಎಲ್ಲಿ ಚುಚ್ಚಬೇಕು ಅನ್ನೋದೇ ಕಷ್ಟ. ಸದಾ ನೀರು ನಿಂತರೆ ಸಾಯುತ್ತದೆ, ಭರತದ (ಉಬ್ಬರದ) ನೀರು ಮುಟ್ಟದಿದ್ದರೂ ಕಷ್ಟ. ಬಳಚು ಸಿಗುವ ಬಯಲಲ್ಲಿ ನೆಟ್ಟರಂತೂ ಯಾರದೋ ಮನೆಯ ಸಂಪಾದನೆಗೇ ಕಲ್ಲು. ಅಂಥ ಗಿಡವನ್ನು ಯಾರು ಕಾಯುತ್ತಾರೆ ಹೇಳಿ? ಲಕ್ಷ ಸಸಿ ನೆಟ್ಟೆವು ಎಂಬ ಸುದ್ದಿ ಓದಿದಾಗ ನನಗೆ ಮೊದಲು ಬರುವ ಅನುಮಾನ ಇದೇ: ಜಾಗ ತೋರಿಸಿದವರು ಯಾರು?

ಊರವರನ್ನು ಸೇರಿಸಿಕೊಳ್ಳಲು ಕಾಗದದಲ್ಲಿ ದಾರಿ ಇದೆ. ನಮ್ಮ ರಾಜ್ಯದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳಿವೆ. 2002ರಲ್ಲಿ ವನ್ಯಜೀವಿ ಕಾಯ್ದೆ ತಿದ್ದಿ 'ಸಂರಕ್ಷಣಾ ಮೀಸಲು' ಎಂಬುದನ್ನು ತಂದರು, ಅಂದರೆ ವನ್ಯಜೀವಿಗಳಿಗಾಗಿ ಸರ್ಕಾರ ಗೊತ್ತುಮಾಡುವ ಜಾಗ. ಅದರ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿಯವರೂ ಇರಬೇಕು.

ಇಂಥದ್ದು ನೋಡಲು ಘಟ್ಟ ಇಳಿಯಲೇಬೇಕಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸಂರಕ್ಷಣಾ ಮೀಸಲೇ. 2024ರಲ್ಲಿ ಅದಕ್ಕೂ ಅಘನಾಶಿನಿ ಅಳಿವೆಗೂ (ನದಿ ಕಡಲು ಸೇರುವ ಜಾಗ) ಒಟ್ಟಿಗೇ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಳಿವೆ 4,801 ಹೆಕ್ಟೇರ್, ಕೆರೆ ಬರೀ 54! ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಹಗಲು ಕೆರೆಯಲ್ಲಿ ತೇಲುತ್ತವೆ. ಕತ್ತಲಾದರೆ ಸುತ್ತಲಿನ ಹೊಲಗಳಿಗೆ ಇಳಿದು ಮೇಯುತ್ತವೆ. ಹೊಲದವರು ಕವಣೆ ಹಿಡಿದು ನಿಂತರೆ ಯಾವ ಕಾಯ್ದೆ ಕೆರೆಯನ್ನು ಕಾಯುತ್ತಿತ್ತು?

ಮತ್ತೆ ಕುಮಟಾಕ್ಕೆ ಹೋದರೆ ಇಳಿತದ ಹೊತ್ತಿಗೆ ಹೋಗಿ. ಬಳಚು ಆರಿಸುವವರು ಸಿಗುತ್ತಾರೆ. ಎಲ್ಲಿ ನೆಡಬಾರದು ಎಂದು ಅವರನ್ನೇ ಕೇಳಿ.