ಗೋಡೆಗೆ ಬಣ್ಣ ಹೊಡೆಸುವ ಮುಂಚೆ ಕಿಟಕಿ ನೋಡಿ

ಮೈಸೂರಿನ ಯಾವ ಪೇಂಟ್ ಅಂಗಡಿಗೆ ಹೋದರೂ ಮೊದಲು ಕೈಗೆ ಕೊಡುವುದು ಶೇಡ್ ಕಾರ್ಡ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ನೂರಾರು ಬಣ್ಣದ ಚೌಕಗಳು. ಮನೆಮಂದಿಯೆಲ್ಲ ಚರ್ಚೆ ಮಾಡಿ, ಕೊನೆಗೆ ಹಾಲ್‌ಗೆ ಒಂದು ತಿಳಿ ಹಳದಿ ಅಂತ ತೀರ್ಮಾನವಾಗುತ್ತದೆ. ಪೇಂಟರ್ ಎರಡು ಕೋಟು ಹೊಡೆದು ಹೋದ ಮೇಲೆ ನೋಡಿದರೆ ಹಾಲ್ ತುಂಬಾ ಗಾಢ ಹಳದಿ! ಅಂಗಡಿಯವನು ಬೇರೆ ಡಬ್ಬಿ ಕೊಟ್ಟ ಅಂತ ಜಗಳ ಶುರು. ಪಾಪ, ಅವನು ಕೊಟ್ಟಿದ್ದು ಕಾರ್ಡಿನಲ್ಲಿದ್ದ ಬಣ್ಣವನ್ನೇ.

ಬದಲಾಗಿದ್ದು ಬೆಳಕು. ಕಿಟಕಿಯಿಂದ ಬಂದ ಬೆಳಕು ಒಂದು ಗೋಡೆಗೆ ಬಿದ್ದು ಸೀದಾ ನಮ್ಮ ಕಣ್ಣಿಗೆ ಬಂದುಬಿಡುವುದಿಲ್ಲ. ಸ್ವಲ್ಪ ಭಾಗ ಕಣ್ಣಿಗೆ ಬರುತ್ತದೆ, ಉಳಿದದ್ದು ಎದುರು ಗೋಡೆಗೆ ಹೋಗುತ್ತದೆ, ಅಲ್ಲಿಂದ ಸೀಲಿಂಗಿಗೆ, ಮತ್ತೆ ಮೊದಲ ಗೋಡೆಗೆ. ನಮ್ಮ ತಿಳಿ ಹಳದಿ, ತನ್ನ ಮೇಲೆ ಬಿದ್ದ ಕೆಂಪು ಬೆಳಕಿನಲ್ಲಿ ನೂರಕ್ಕೆ 80 ಪಾಲು, ನೀಲಿಯಲ್ಲಿ 60 ಪಾಲು ವಾಪಸ್ ಕಳಿಸುತ್ತದೆ ಅಂತಿಟ್ಟುಕೊಳ್ಳಿ. ಮೊದಲ ಸಲ ಬಡಿದಾಗ ಕೆಂಪು 80, ನೀಲಿ 60. ಎರಡನೇ ಸಲಕ್ಕೆ 64 ಮತ್ತು 36. ಮೂರನೇ ಸಲಕ್ಕೆ 51 ಮತ್ತು 22. ಪ್ರತಿ ಸಲವೂ ನೀಲಿಯೇ ಜಾಸ್ತಿ ಸೋರಿಹೋಗುತ್ತದೆ. ನೀಲಿ ಕಮ್ಮಿಯಾದಷ್ಟೂ ಹಳದಿ ಗಾಢವಾಗುತ್ತದೆ. ಅಂಗಡಿಯ ಕಾರ್ಡಿನ ಚೌಕಕ್ಕೆ ಎದುರು ಗೋಡೆಯೇ ಇಲ್ಲವಲ್ಲ, ಅದು ಒಂದೇ ಸಲದ ಲೆಕ್ಕ ತೋರಿಸುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ದೊಡ್ಡ ರಟ್ಟಿಗೆ ನೀವು ಆರಿಸಿದ ಬಣ್ಣವನ್ನು ಎರಡು ಕೋಟು ಹಚ್ಚಿ ಒಣಗಿಸಿ. ಆಮೇಲೆ ಅರ್ಧ ತೆರೆದ ಪುಸ್ತಕದ ಹಾಗೆ ಮಡಚಿ, ಮಡಿಕೆಯ ಒಳಗೆ ಇಣುಕಿ. ಅಂಚಿನಲ್ಲಿ ಕಾಣುವುದು ಕಾರ್ಡಿನ ಬಣ್ಣ, ಮಡಿಕೆಯ ಆಳದಲ್ಲಿ ಕಾಣುವುದು ನಿಮ್ಮ ಹಾಲ್‌ನ ಬಣ್ಣ. ಬೇಕಾದದ್ದಕ್ಕಿಂತ ಒಂದೆರಡು ಶೇಡ್ ತಿಳಿಯಾಗಿರುವುದನ್ನೇ ತಗೊಳ್ಳಿ ಅಂತ ಅನುಭವಸ್ಥ ಪೇಂಟರುಗಳು ಹೇಳುವುದು ಸುಮ್ನೆ ಅಲ್ಲ.

ಈ ಓಡಾಟದಿಂದ ಲಾಭವೂ ಇದೆ. ಎಲ್ಲ ಮೇಲ್ಮೈಗಳೂ 80 ಪಾಲು ಬೆಳಕು ವಾಪಸ್ ಕೊಡುವ ಕೋಣೆಯಲ್ಲಿ, ಒಳಗೆ ಬಂದ ಬೆಳಕು ಅಲ್ಲೇ ಸುತ್ತಿ ಸುತ್ತಿ ಐದು ಪಟ್ಟು ಕೆಲಸ ಮಾಡುತ್ತದೆ. 50 ಪಾಲು ಕೊಡುವ ಬಣ್ಣವಾದರೆ ಎರಡೇ ಪಟ್ಟು. ನಿಜವಾದ ಮನೆಯಲ್ಲಿ ಸೋಫಾ, ಬೀರು, ನೆಲ ಎಲ್ಲವೂ ಬೆಳಕು ನುಂಗುತ್ತವೆ, ಹಾಗಾಗಿ ಅಂತರ ಇಷ್ಟೊಂದು ಇರುವುದಿಲ್ಲ. ಆದರೂ ಕುವೆಂಪುನಗರ, ವಿಜಯನಗರಗಳ ಮೂವತ್ತು ನಲವತ್ತು ಸೈಟಿನ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಎರಡೂ ಪಕ್ಕದಲ್ಲಿ ಅಕ್ಕಪಕ್ಕದವರ ಗೋಡೆ ಹತ್ತಿರಕ್ಕೇ ಬಂದಿರುತ್ತದೆ. ಒಳ್ಳೆಯ ಬೆಳಕು ಬರುವುದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ನಡುವಿನ ಊಟದ ಜಾಗದಲ್ಲಿ ಹಗಲಲ್ಲೇ ಲೈಟು ಬೇಕು. ಅಂಥ ಮನೆಯಲ್ಲಿ ಸೀಲಿಂಗಿಗೆ ಬಿಳಿ ಬಿಟ್ಟು ಬೇರೆ ಬಣ್ಣ ಯಾಕೆ ಹಚ್ಚುತ್ತಾರೋ ನನಗಂತೂ ಅರ್ಥವಾಗುವುದಿಲ್ಲ.

ಮಂಡ್ಯ ಕಡೆಯ ಹಳೇ ತೊಟ್ಟಿ ಮನೆಗಳಲ್ಲಿ ಬೆಳಕು ಬರುತ್ತಿದ್ದದ್ದು ಮೇಲಿನಿಂದ. ನಡುವಿನ ತೊಟ್ಟಿಗೆ ಬಿದ್ದ ಬಿಸಿಲು ನೆಲದಿಂದ ಎದ್ದು, ಸುತ್ತಲಿನ ಹಜಾರದ ಗೋಡೆಗೆ ಕೆಳಗಿನಿಂದ ಬಡಿಯುತ್ತಿತ್ತು. ರೆಡ್ ಆಕ್ಸೈಡ್ ನೆಲವಿದ್ದ ಮನೆಯಲ್ಲಾದರೆ ಸುಣ್ಣದ ಬಿಳಿ ಗೋಡೆಯ ಕೆಳಭಾಗಕ್ಕೆ ನಸುಗೆಂಪು ಛಾಯೆ ಬರುತ್ತದೆ. ಗೋಡೆಗೆ ಯಾರೂ ಗುಲಾಬಿ ಬಣ್ಣ ಹಚ್ಚಿಲ್ಲ, ನೆಲವೇ ಹಚ್ಚಿದೆ. ಆ ಮನೆಗಳು ಬೆಚ್ಚಗೆ, ಹಿತವಾಗಿ ಕಾಣುವುದರಲ್ಲಿ ಈ ನೆಲದ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ. ಅದೇ ಜಾಗಕ್ಕೆ ಬೂದು ಬಣ್ಣದ ವಿಟ್ರಿಫೈಡ್ ಟೈಲ್ಸ್ ಹಾಕಿ ನೋಡಿ, ಅದೇ ಬಿಳಿ ಗೋಡೆ ಆಸ್ಪತ್ರೆಯದರಂತೆ ಕಾಣುತ್ತದೆ.

ಕಿಟಕಿ ಯಾವ ದಿಕ್ಕಿಗಿದೆ ಅನ್ನುವುದೂ ಮುಖ್ಯ. ಇಲ್ಲಿ ಯುರೋಪಿನ ಪುಸ್ತಕಗಳನ್ನು ನಂಬಿದರೆ ಕೆಟ್ಟಿರಿ. ಉತ್ತರದ ಕಿಟಕಿಗೆ ಬಿಸಿಲೇ ಬೀಳದು, ಅಲ್ಲಿನ ಬೆಳಕು ತಣ್ಣಗಿರುತ್ತದೆ ಅಂತ ಅವು ಹೇಳುತ್ತವೆ. ಅವರ ಊರಿಗೆ ಅದು ಹೆಚ್ಚುಕಮ್ಮಿ ಸರಿ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ವಾಪಸ್ ಬರುವುದು ಆಗಸ್ಟ್ 19ರ ಹೊತ್ತಿಗೆ. ನಡುವಿನ ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೇ ಬಿಸಿಲು. ದಕ್ಷಿಣದ ಕಿಟಕಿಗೆ ಡಿಸೆಂಬರಿನಲ್ಲಿ ಬಿಸಿಲು ಬರುತ್ತದೆ ನಿಜ, ಆದರೆ ಆಗಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡಡಿ ಸಜ್ಜ ಇದ್ದರೆ ಅದರ ನೆರಳೇ ಸುಮಾರು ಎರಡೂ ಮುಕ್ಕಾಲು ಅಡಿ ಕೆಳಗೆ ಇಳಿಯುತ್ತದೆ. ನಿಜವಾದ ತಲೆನೋವು ಪಡುವಣ ಗೋಡೆ. ಸಂಜೆಯ ಸೂರ್ಯ ಕೆಳಗಿರುತ್ತಾನೆ, ಅವನಿಗೆ ಸಜ್ಜ ಲೆಕ್ಕಕ್ಕೇ ಇಲ್ಲ. ಬಿಸಿಲು ಒಳಗಿನವರೆಗೂ ನುಗ್ಗುತ್ತದೆ, ಅದೂ ಕೆಂಪು ಹಳದಿ ತುಂಬಿದ ಬಿಸಿಲು. ಅಂಥ ಕೋಣೆಗೆ ಕಿತ್ತಳೆ, ಪೀಚ್ ಬಣ್ಣ ಹಚ್ಚಿದರೆ ಸಂಜೆ ಐದಕ್ಕೆ ಒಲೆಯೊಳಗೆ ಕೂತಂತಾಗುತ್ತದೆ. ತಿಳಿ ಹಸಿರೋ, ಬೂದು ಮಿಶ್ರಿತ ಬಿಳಿಯೋ ಅಲ್ಲಿಗೆ ಸರಿ.

ಇನ್ನು ಮನಸ್ಸಿನ ಮಾತು. ನೀಲಿ ಹಚ್ಚಿದರೆ ಶಾಂತಿ, ಕೆಂಪು ಹಚ್ಚಿದರೆ ಕೋಪ, ಹಳದಿಗೆ ಉಲ್ಲಾಸ ಅಂತ ಪಟ್ಟಿ ಕೊಡುವವರು ಬೇಕಾದಷ್ಟು ಜನ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆ ಸೆರೆಮನೆಯಲ್ಲಿ ಒಂದು ಕೋಣೆಗೆ ಗುಲಾಬಿ ಬಣ್ಣ ಹೊಡೆಸಿದರು. ಕೈದಿಗಳ ಜಗಳ ಕಮ್ಮಿಯಾಯಿತು ಅಂತ ಸುದ್ದಿಯಾಯಿತು. ಎಷ್ಟೋ ಜೈಲುಗಳು ಅದನ್ನೇ ಅನುಸರಿಸಿದವು. ಆಮೇಲೆ ಸ್ವಿಟ್ಜರ್ಲೆಂಡಿನ ಜೈಲಿನಲ್ಲಿ ಇನ್ನಷ್ಟು ಎಚ್ಚರಿಕೆಯಿಂದ ಪರೀಕ್ಷೆ ಮಾಡಿದಾಗ ಗುಲಾಬಿ ಕೋಣೆಗೂ ಮಾಮೂಲಿ ಕೋಣೆಗೂ ವ್ಯತ್ಯಾಸವೇ ಕಾಣಲಿಲ್ಲ. 1994ರಲ್ಲಿ ವಾಲ್ಡೆಜ್ ಮತ್ತು ಮೆಹ್ರಾಬಿಯನ್ ಎಂಬ ಸಂಶೋಧಕರು ಇನ್ನೊಂದು ವಿಷಯ ಕಂಡುಕೊಂಡರು. ನಮ್ಮ ಮನಸ್ಸನ್ನು ಜಾಸ್ತಿ ತಟ್ಟುವುದು ಬಣ್ಣ ನೀಲಿಯೋ ಕೆಂಪೋ ಅನ್ನುವುದಲ್ಲ. ಅದು ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು.

ಅನುಮಾನವಿದ್ದರೆ ಅರಮನೆಯ ಕಲ್ಯಾಣ ಮಂಟಪಕ್ಕೆ ಹೋಗಿ ನಿಲ್ಲಿ. ಕಂಬಗಳಿಗೆ ಬಳಿದದ್ದು ನವಿಲು ನೀಲಿ. ನೀಲಿ ಅಂದರೆ ತಣ್ಣನೆ ಬಣ್ಣ, ಅಲ್ವಾ? ಆದರೆ ಆ ಜಾಗ ಯಾರಿಗೂ ತಣ್ಣಗೆ, ಬೇಸರವಾಗಿ ಕಾಣುವುದಿಲ್ಲ. ಗ್ಲ್ಯಾಸ್ಗೋದಿಂದ ತರಿಸಿದ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ ಮೇಲಿದೆ. ಬೆಳಕು ಒಳಗೆ ಇಳಿಯುವ ಮೊದಲೇ ಬಣ್ಣ ಹಚ್ಚಿಕೊಂಡು ಬರುತ್ತದೆ, ಹೊನ್ನಿನ ಕೆಲಸದ ಮೇಲೆ ಮಿನುಗುತ್ತದೆ.

ನಮ್ಮ ಮನೆಗಳಲ್ಲಿ ರಾತ್ರಿ ಆ ಕೆಲಸ ಬಲ್ಬಿನದು. ಇಲ್ಲಿ ನಾವು ಒಂದು ಅಭ್ಯಾಸಕ್ಕೆ ಬಿದ್ದಿದ್ದೇವೆ, ಮನೆಗೆಲ್ಲ 6,500 ಕೆಲ್ವಿನ್‌ನ ಬಿಳಿ ಬೆಳಕೇ ಆಗಬೇಕು. ಪೆಟ್ಟಿಗೆಯ ಮೇಲೆ ಕೂಲ್ ಡೇಲೈಟ್ ಅಂತ ಬರೆದಿರುತ್ತದಲ್ಲ, ಅದು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣ ಹೇಳುವ ಅಳತೆ. ಈ 6,500ರ ಬೆಳಕಿನಲ್ಲಿ ನೀಲಿ ಪಾಲು ಜಾಸ್ತಿ. ಕಣ್ಣಿನಲ್ಲಿ ಮೆಲನಾಪ್ಸಿನ್ ಎಂಬ ವಸ್ತುವಿರುವ ಜೀವಕೋಶಗಳಿವೆ, ಅವು ನೀಲಿ ಬೆಳಕು ಕಂಡರೆ ಇನ್ನೂ ಹಗಲಿದೆ ಅಂತ ಮೆದುಳಿಗೆ ಹೇಳುತ್ತವೆ. ನಿದ್ದೆ ಮುಂದಕ್ಕೆ ಹೋಗುತ್ತದೆ. ಅಡುಗೆಮನೆಗೆ, ಮಕ್ಕಳು ಓದುವ ಟೇಬಲ್ಲಿಗೆ ಬಿಳಿ ಇರಲಿ. ಮಲಗುವ ಕೋಣೆಗೆ 2,700 ಅಥವಾ 3,000 ಕೆಲ್ವಿನ್‌ನ ಹಳದಿ ಬೆಳಕು ಸಾಕು. ಇನ್ನೊಂದು ವಿಷಯ, ಅಗ್ಗದ ಎಲ್‌ಇಡಿಗಳಲ್ಲಿ ಕಡುಗೆಂಪು ಬೆಳಕು ಕಮ್ಮಿ. ಮನೆಯಲ್ಲಿ ಬೀಟೆ ಮರದ ಕುರ್ಚಿಯೋ, ಇನ್‌ಲೇ ಕೆಲಸದ ಟೀಪಾಯಿಯೋ ಇದ್ದರೆ ಅದರ ಕೆಂಪು ಆ ಬೆಳಕಿನಲ್ಲಿ ಸತ್ತುಹೋಗಿ ಬೂದಿ ಬಳಿದಂತೆ ಕಾಣುತ್ತದೆ.

ಪೀಠೋಪಕರಣಕ್ಕೆ ಬಂದರೆ, ಕೂರುವ ಮೈಗೂ ಒಂದು ಅಭಿಪ್ರಾಯವಿದೆ. ಬೆತ್ತ ಹೆಣೆದ ಕುರ್ಚಿಯಲ್ಲಿ ಬೆನ್ನ ಹಿಂದೆ ಗಾಳಿ ಆಡುತ್ತದೆ. ಒಂದು ಗ್ರಾಂ ಬೆವರು ಆರಬೇಕಾದರೆ ಮೈಯಿಂದ ಸುಮಾರು 2,400 ಜೂಲ್ ಶಾಖ ಎಳೆದುಕೊಳ್ಳುತ್ತದೆ. ರೆಕ್ಸಿನ್ ಹೊದಿಸಿದ ಫೋಮ್ ಸೋಫಾದಲ್ಲಿ ಬೆವರಿಗೆ ಆರಲು ದಾರಿಯೇ ಇಲ್ಲ. ಮಾರ್ಚ್ ತಿಂಗಳ ಮಂಡ್ಯದಲ್ಲಿ ಅಂಥ ಸೋಫಾ ಶಿಕ್ಷೆಯೇ.

ಯಾರೂ ಕೇಳದ ವಿಷಯ ಒಂದಿದೆ, ಶಬ್ದ. ಗೃಹಪ್ರವೇಶದ ದಿನ ಹೊಸ ಮನೆಯಲ್ಲಿ ಪುರೋಹಿತರ ಮಂತ್ರ ಗೊಂಯ್ ಅನ್ನುತ್ತಿರುತ್ತದೆ. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಮಂದಿರದಲ್ಲಿ ಇದೇ ತೊಂದರೆ ಇತ್ತು, ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಸರಿಮಾಡಲು ಹೊರಟ ವ್ಯಾಲೇಸ್ ಸಬೀನ್ ಎಂಬ ಯುವ ಮೇಷ್ಟ್ರು ಪಕ್ಕದ ರಂಗಮಂದಿರದ ಸೀಟುಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಆರ್ಗನ್ ಕೊಳವೆ ಊದಿ, ಶಬ್ದ ಎಷ್ಟು ಹೊತ್ತು ಉಳಿಯುತ್ತದೆ ಅಂತ ಅಳೆದ. ಬೆಳಗ್ಗೆಯಾಗುವಷ್ಟರಲ್ಲಿ ಮೆತ್ತೆಗಳು ವಾಪಸ್ ಹೋಗಬೇಕಿತ್ತು. ಅವನು ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಅದರ ಪ್ರಕಾರ, ಹನ್ನೆರಡಕ್ಕೆ ಹದಿನೈದು ಅಡಿಯ, ಹತ್ತಡಿ ಎತ್ತರದ ಬರಿದಾದ ಟೈಲ್ಸ್ ಹಾಲ್‌ನಲ್ಲಿ ಶಬ್ದ ಮೂರು ಸೆಕೆಂಡಿಗೂ ಮೇಲೆ ಉಳಿಯುತ್ತದೆ. ಬಟ್ಟೆಯ ಸೋಫಾ, ದಪ್ಪ ಪರದೆ, ಒಂದು ಜಮಖಾನ, ಪುಸ್ತಕದ ಕಪಾಟು ಬಂದರೆ ಮುಕ್ಕಾಲು ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ರೆಕ್ಸಿನ್ ಇಲ್ಲೂ ಸೋಲುತ್ತದೆ, ಬಟ್ಟೆಯಷ್ಟು ಶಬ್ದ ಹೀರುವುದಿಲ್ಲ. ಮಾರ್ದನಿ ಜಾಸ್ತಿಯಿದ್ದಾಗ ಮಾತು ಗೊತ್ತಾಗದೆ ಹೆಚ್ಚು ಒದ್ದಾಡುವುದು ವಯಸ್ಸಾದವರು. ಹೊಸ ಟಿವಿ ಶೋಕೇಸಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲು ಮೊದಲು ಪರದೆಗೆ ಹೋದರೆ, ಅಜ್ಜಿ ಟಿವಿ ಸೌಂಡು ಇಷ್ಟು ಜೋರಾಗಿ ಇಡಬೇಕಾಗಿ ಬರುವುದಿಲ್ಲ.