ಅಳಿಲು ಮರಿಗೆ ಹಾಲಿಗಿಂತ ಮೊದಲು ಕಾವು

ತೋಟದಲ್ಲಿ ಕಾಯಿ ಕೆಡವಿಸಿದ ಸಂಜೆಯೋ ಮಾರನೇ ಬೆಳಿಗ್ಗೆಯೋ ಯಾರಾದರೂ ಒಬ್ಬರು ಅಳಿಲು ಮರಿ ಹಿಡಿದುಕೊಂಡು ಆಸ್ಪತ್ರೆಗೆ ಬರುತ್ತಾರೆ. ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಕೆಲಸ ಮಾಡುವ ಪಶುವೈದ್ಯರಿಗೆ ಇದು ಹೊಸದಲ್ಲ. ಅಳಿಲು ತೆಂಗಿನ ಗರಿಯ ಬುಡದಲ್ಲಿ ನಾರು, ಹುಲ್ಲು, ಹತ್ತಿ ಸೇರಿಸಿ ಗೂಡು ಕಟ್ಟುತ್ತದೆ. ಕೊಬ್ಬರಿಗೆ ಅಂತ ಕಾಯಿ ಕೂಡಿಟ್ಟ ಅಟ್ಟವೂ ಅದಕ್ಕೆ ಇಷ್ಟದ ಜಾಗ. ಒಣಗರಿ ಎಳೆದಾಗ, ಅಟ್ಟದಿಂದ ಕಾಯಿ ಇಳಿಸಿದಾಗ, ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಗೂಡು ಉದುರಿದಾಗ ಮರಿಗಳು ನೆಲಕ್ಕೆ ಬೀಳುತ್ತವೆ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ಮರಿ.

ಬಂದವರು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಮೇಡಂ, ಇಣಚಿ ಮರಿ. ರಾತ್ರಿಯಿಂದ ಹಾಲು ಹಾಕ್ತಾನೇ ಇದೀವಿ, ಕುಡೀತಾ ಇಲ್ಲ." ಕೈಗೆ ತಗೊಂಡು ನೋಡಿದರೆ ಮರಿ ತಣ್ಣಗಿರುತ್ತದೆ. ಹೊಟ್ಟೆ ಬಿಗಿದಿರುತ್ತದೆ. ಮೂಗಿನ ತುದಿಯಲ್ಲಿ ಹಾಲು ಒಣಗಿರುತ್ತದೆ. ಅವರು ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ್ದಾರೆ, ಪ್ರೀತಿಯಿಂದಲೇ ಮಾಡಿದ್ದಾರೆ. ಆದರೆ ಮರಿಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಹಾಲಲ್ಲ, ಕಾವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೂದಲು ಬಾರದ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಆಗುವುದಿಲ್ಲ. ತಾಯಿಯ ಮೈ, ಜೊತೆ ಮರಿಗಳ ಮೈ, ಗೂಡಿನ ನಾರು, ಇವೇ ಅದಕ್ಕೆ ಆಧಾರ. ನೆಲಕ್ಕೆ ಬಿದ್ದ ಸ್ವಲ್ಪ ಹೊತ್ತಿಗೇ ಮೈ ತಣಿಯುತ್ತದೆ. ಮೈ ತಣಿದಾಗ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಜೀರ್ಣವಾಗದೆ ಅಲ್ಲೇ ಹುಳಿಯುತ್ತದೆ, ಗ್ಯಾಸ್ ತುಂಬುತ್ತದೆ. ನುಂಗುವ ಶಕ್ತಿಯೂ ಕುಗ್ಗಿರುವುದರಿಂದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಸಿವಿನಿಂದ ಸಾಯುವ ಮರಿಗಿಂತ ಹೀಗೆ ಸಾಯುವ ಮರಿಯನ್ನೇ ನಾನು ಜಾಸ್ತಿ ನೋಡಿದ್ದೇನೆ. ಕೆಲವು ಗಂಟೆ ಹಾಲಿಲ್ಲದೆ ಮರಿ ತಡೆದುಕೊಳ್ಳುತ್ತದೆ. ಚಳಿಯಲ್ಲಿ ಅಷ್ಟು ಹೊತ್ತು ತಡೆಯುವುದಿಲ್ಲ.

ಹಾಗಾಗಿ ಮರಿ ಸಿಕ್ಕ ಕೂಡಲೇ ಎರಡೂ ಅಂಗೈ ಮಧ್ಯೆ ಮುಚ್ಚಿ ಹಿಡಿದುಕೊಳ್ಳಿ. ತೋಟದಲ್ಲಿದ್ದಾಗ ಇದಕ್ಕಿಂತ ಬೇಗ ಸಿಗುವ ಕಾವು ಇನ್ನೊಂದಿಲ್ಲ. ಮನೆಗೆ ಬಂದ ಮೇಲೆ ಒಂದು ರಟ್ಟಿನ ಡಬ್ಬಿ ತಗೊಂಡು ಗಾಳಿಯಾಡಲು ಸಣ್ಣ ತೂತು ಮಾಡಿ. ಒಳಗೆ ಮೆತ್ತಗಿನ ಹಳೇ ಬನಿಯನ್ ಬಟ್ಟೆ ಹಾಸಿ. ಬಾಟಲಿಯಲ್ಲಿ ಬಿಸಿ ನೀರು ತುಂಬಿ, ಗಟ್ಟಿಯಾಗಿ ಮುಚ್ಚಿ, ಬಟ್ಟೆ ಸುತ್ತಿ ಡಬ್ಬಿಯ ಒಂದು ಬದಿಗೆ ಮಾತ್ರ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಮರಿ ಆ ಕಡೆ ಸರಿಯಲು ಜಾಗ ಬೇಕು. ನೀರು ಆರಿದ ಹಾಗೆ ಬದಲಾಯಿಸುತ್ತಿರಿ. ಆರಿದ ಬಾಟಲಿ ಮರಿಯ ಮೈ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಬಿಡಿ ಹತ್ತಿ ಹಾಸಬೇಡಿ, ಅದರ ಎಳೆ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡುವುದೇ ನಿಂತುಬಿಡುತ್ತದೆ. ನೂಲಿನ ಕುಣಿಕೆ ಎದ್ದಿರುವ ಟವೆಲ್ಲೂ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಬಲ್ಬ್ ಹಾಕುವವರು ಅದನ್ನು ನೇರ ಮೇಲೆ ನೇತು ಹಾಕಬೇಡಿ, ಮರಿಯ ಮೈ ನೀರು ಒಣಗುತ್ತದೆ. ಮರಿಗಳು ಎರಡು ಮೂರು ಇದ್ದರೆ ಒಟ್ಟಿಗೇ ಬಿಡಿ.

ಮೈ ಬೆಚ್ಚಗಾಗುತ್ತಿರುವಾಗಲೇ ಇನ್ನೊಂದು ವಿಷಯ ಯೋಚಿಸಿ. ಈ ಮರಿ ನಿಜವಾಗಲೂ ತಬ್ಬಲಿಯಾ? ತಾಯಿ ಅಳಿಲು ಅಷ್ಟು ಸುಲಭವಾಗಿ ಮರಿ ಬಿಡುವುದಿಲ್ಲ. ಗೂಡು ಹಾಳಾದರೆ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಜಾಗಕ್ಕೆ ಸಾಗಿಸುತ್ತದೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತು ನಮ್ಮ ಕಡೆ ತುಂಬಾ ಇದೆ. ಅದು ಸುಳ್ಳು. ಗಾಯವಿಲ್ಲದ, ಬೆಚ್ಚಗಿರುವ ಮರಿಯನ್ನು ಮೇಲೆ ತೆರೆದ ಡಬ್ಬಿಯಲ್ಲಿ, ಬಿಸಿ ನೀರಿನ ಬಾಟಲಿ ಸಮೇತ, ಗೂಡು ಇದ್ದ ಮರದ ಬುಡಕ್ಕೆ ಅಥವಾ ಅದೇ ಮರಕ್ಕೆ ಎದೆಮಟ್ಟದಲ್ಲಿ ಕಟ್ಟಿ ಇಡಿ. ನಾಯಿ, ಬೆಕ್ಕನ್ನು ಒಳಗೆ ಕಟ್ಟಿಹಾಕಿ. ಮಕ್ಕಳನ್ನು ದೂರ ಕರೆದುಕೊಂಡು ಹೋಗಿ. ಜನ ಸುತ್ತ ನಿಂತಿದ್ದರೆ ತಾಯಿ ಇಳಿಯುವುದಿಲ್ಲ. ಅಳಿಲು ಹಗಲಿನ ಪ್ರಾಣಿ, ಕತ್ತಲಾದ ಮೇಲೆ ಓಡಾಡುವುದಿಲ್ಲ. ಹಾಗಾಗಿ ಸಂಜೆ ಬೆಳಕು ಇರುವವರೆಗೆ ಕಾಯಿರಿ, ಆಮೇಲೆ ಒಳಗೆ ತನ್ನಿ. ರಾತ್ರಿ ಹೊರಗೆ ಬಿಟ್ಟರೆ ಬೆಕ್ಕಿನ ಪಾಲು. ನಾವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ತಾಯಿಯಷ್ಟು ಚೆನ್ನಾಗಿ ಬೆಳೆಸಲಾರೆವು, ಅದಕ್ಕೇ ಈ ಅವಕಾಶವನ್ನು ಬಿಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಗಾಯದ ಮರಿಯ ವಿಷಯ ಬೇರೆ. ಬೆಕ್ಕು ಬಾಯಿ ಹಾಕಿದ್ದರೆ ಗಾಯ ಕಾಣಿಸದಿದ್ದರೂ ಅದೇ ದಿನ ವೈದ್ಯರ ಹತ್ತಿರ ತನ್ನಿ. ಬೆಕ್ಕಿನ ಹಲ್ಲಿನ ತೂತು ಸೂಜಿಮೊನೆಯಷ್ಟು ಸಣ್ಣದು, ಒಳಗೆ ಹೋದ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಮರಿಯನ್ನು ಕೊಲ್ಲುತ್ತದೆ. ಆಂಟಿಬಯೋಟಿಕ್ ಬೇಕೇ ಬೇಕು. ಇರುವೆ ಮುತ್ತಿದ್ದರೆ ಮೆತ್ತಗೆ ಬಿಡಿಸಿ, ಬಾಯಿ ಮತ್ತು ಕಿವಿಯ ಸಂದಿ ನೋಡಿ. ಸಣ್ಣ ಬಿಳಿ ಅಕ್ಕಿನುಚ್ಚಿನ ಹಾಗೆ ಅಂಟಿಕೊಂಡಿದ್ದರೆ ಅದು ನೊಣದ ಮೊಟ್ಟೆ, ಮೆತ್ತಗಿನ ಬ್ರಷ್‌ನಿಂದ ಪೂರ್ತಿ ತೆಗೆಯಬೇಕು.

ಮೈ ಬೆಚ್ಚಗಾದ ಮೇಲೂ ಮೊದಲು ಕೊಡುವುದು ಹಾಲಲ್ಲ. ಬೆನ್ನಿನ ಚರ್ಮ ಮೆಲ್ಲಗೆ ಚಿವುಟಿ ಬಿಡಿ. ತಕ್ಷಣ ಇಳಿಯದೆ ಎದ್ದೇ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಡಬ್ಲ್ಯೂಎಚ್ಒ ಸೂತ್ರದ ಓಆರ್‌ಎಸ್ ಪೊಟ್ಟಣ ತನ್ನಿ. ಒಂದು ಲೀಟರ್ ಅಂತ ಬರೆದಿರುವ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಿ, ಅಳತೆ ಹೆಚ್ಚು ಕಡಿಮೆ ಮಾಡಬೇಡಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಬೇಡ. ಮೊದಲ ಎರಡು ಮೂರು ಸಲ ಬೆಚ್ಚಗಿನ ಓಆರ್‌ಎಸ್ ನೀರನ್ನಷ್ಟೇ ಕೊಡಿ. ಒಮ್ಮೆ ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ.

ಈಗ ಹಾಲು. ಮನೆಯಲ್ಲಿ ಹಸು ಇದೆ, ಕರೆದ ಹಾಲೇ ಇದೆ, ಅದಕ್ಕಿಂತ ಒಳ್ಳೆಯದು ಏನಿದೆ ಅಂತ ಕೇಳುತ್ತಾರೆ. ಹಸುವಿನ ಹಾಲು ಕರುವಿಗೆ ಒಳ್ಳೆಯದು. ಅದರಲ್ಲಿ ಕೊಬ್ಬು ಸುಮಾರು 4%, ಹಾಲಿನ ಸಕ್ಕರೆ ಅಂದರೆ ಲ್ಯಾಕ್ಟೋಸ್ ಅದಕ್ಕಿಂತ ಸ್ವಲ್ಪ ಜಾಸ್ತಿ. ಅಳಿಲಿನ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಹೆಚ್ಚು, ಸಕ್ಕರೆ ಕಡಿಮೆ. ಆ ಸಕ್ಕರೆ ಮರಿಯ ಕರುಳಿಗೆ ಒಗ್ಗದೆ ಭೇದಿ ಶುರುವಾಗುತ್ತದೆ. ಇಷ್ಟು ಸಣ್ಣ ಜೀವಕ್ಕೆ ಒಂದು ದಿನದ ಭೇದಿಯೇ ಸಾಕು. ನಾಯಿಮರಿಗಳಿಗೆ ಅಂತ ಪೆಟ್ ಶಾಪ್‌ಗಳಲ್ಲಿ ಸಿಗುವ ಹಾಲಿನ ಪುಡಿ ಇದಕ್ಕೆ ಹತ್ತಿರದ್ದು. ತುಮಕೂರಿನಲ್ಲಿ ಸಿಗುತ್ತದೆ, ಹಳ್ಳಿಯವರು ಪಶುವೈದ್ಯರಿಗೆ ಹೇಳಿ ತರಿಸಿಕೊಳ್ಳಬಹುದು. ಅದು ಬರುವ ತನಕ ಒಂದೆರಡು ದಿನ ಮೇಕೆ ಹಾಲು ತೆಳ್ಳಗೆ ಮಾಡಿ ಕೊಟ್ಟು ನಿಭಾಯಿಸಬಹುದು, ಪೂರ್ತಿ ಅದರಲ್ಲೇ ಬೆಳೆಸಲು ಆಗುವುದಿಲ್ಲ. ಸಕ್ಕರೆ, ಜೇನುತುಪ್ಪ ಬೆರೆಸಬೇಡಿ. ರಾಗಿ ಸರಿ ಮಕ್ಕಳಿಗೆ ಒಳ್ಳೆಯದು ಅಂತ ಇದಕ್ಕೂ ಹಾಕುತ್ತಾರೆ. ಕಣ್ಣು ಬಿಡದ ಮರಿಗೆ ಪಿಷ್ಟ ಜೀರ್ಣವಾಗುವುದಿಲ್ಲ, ಬೇಡ.

ಕುಡಿಸುವುದಕ್ಕೆ ಒಂದು ಮಿಲಿ ಸಿರಿಂಜ್ ಸಾಕು, ಸೂಜಿ ತೆಗೆದು. ಇಂಕ್ ಫಿಲ್ಲರ್‌ನಲ್ಲಿ ಎಷ್ಟು ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ, ಚಮಚವಂತೂ ಬೇಡವೇ ಬೇಡ. ಮರಿಯನ್ನು ಮಗುವಿನ ಹಾಗೆ ಅಂಗಾತ ಮಲಗಿಸಬಾರದು. ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ ಇರುವಂತೆ ಬಟ್ಟೆಯಲ್ಲಿ ಹಿಡಿದು, ತುಟಿಗೆ ಒಂದು ಹನಿ ತಾಗಿಸಿ. ನೆಕ್ಕಿದ ಮೇಲೆ ಇನ್ನೊಂದು ಹನಿ. ಹಾಲು ಮಣಿಕಟ್ಟಿನ ಒಳಭಾಗಕ್ಕೆ ಬೆಚ್ಚಗೆ ತಾಗುವಷ್ಟು ಬಿಸಿ ಇರಲಿ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಮಾಡಿ, ಮೂಗು ಒರೆಸಿ, ಸುಧಾರಿಸಿಕೊಳ್ಳಲು ಬಿಡಿ. ಆಮೇಲೆ ಉಸಿರಾಡುವಾಗ ಚಿಟಿಚಿಟಿ ಸದ್ದು ಕೇಳಿದರೆ ನ್ಯುಮೋನಿಯಾ ಶುರುವಾಗಿರಬಹುದು, ಮನೆಯಲ್ಲಿಟ್ಟುಕೊಂಡು ಕಾಯಬೇಡಿ.

ಎಷ್ಟು ಕೊಡಬೇಕು? ತೂಕದ ಸುಮಾರು 5%, ಒಂದು ಸಲಕ್ಕೆ. 10 ಗ್ರಾಂ ಮರಿಗೆ ಅರ್ಧ ಮಿಲಿ, 20 ಗ್ರಾಂ ಮರಿಗೆ ಒಂದು ಮಿಲಿ. ಇಷ್ಟು ಕಡಿಮೆಯಾ ಅಂತ ಅನಿಸುತ್ತದೆ, ಅದಕ್ಕೇ ಜನ ಎರಡು ಪಟ್ಟು ಕುಡಿಸುತ್ತಾರೆ. ಹೊಟ್ಟೆ ತುಂಬಿರಬೇಕು, ಬಿಗಿಯಬಾರದು. ಅಡುಗೆಮನೆಯ ತಕ್ಕಡಿಯಲ್ಲಿ ಇಷ್ಟು ಸಣ್ಣ ತೂಕ ಸರಿಯಾಗಿ ಗೊತ್ತಾಗುವುದಿಲ್ಲ. ಪರಿಚಯದ ಅಕ್ಕಸಾಲಿಗರ ಹತ್ತಿರ ತೂಗಿಸಿಕೊಂಡು ಬಂದವರಿದ್ದಾರೆ, ನನಗೆ ಅದು ತುಂಬಾ ಒಳ್ಳೆಯ ಉಪಾಯ ಅನಿಸಿತು. ಕೂದಲಿಲ್ಲದ ಮರಿಗೆ ಎರಡು ಗಂಟೆಗೊಮ್ಮೆ, ರಾತ್ರಿ ಒಂದೆರಡು ಸಲ ಎದ್ದು ಕೊಡಬೇಕು. ಕೂದಲು ಬಂದ ಮೇಲೆ ಮೂರು ಗಂಟೆಗೊಮ್ಮೆ. ಸುಮಾರು ಮೂರು ವಾರಕ್ಕೆ ಕಣ್ಣು ಬಿಡುತ್ತದೆ, ಆಮೇಲೆ ನಾಲ್ಕು ಗಂಟೆಗೊಮ್ಮೆ ಸಾಕು. ಮೊದಲ ದಿನ ಹಾಲು ತೆಳ್ಳಗಿರಲಿ, ಮಲ ನೋಡಿಕೊಂಡು ನಿಧಾನವಾಗಿ ಗಟ್ಟಿ ಮಾಡಿ. ಮಿಕ್ಕ ಹಾಲನ್ನು ಮತ್ತೆ ಬಿಸಿ ಮಾಡಿ ಕೊಡಬೇಡಿ.

ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ಕೆಲಸ ಇದೆ. ಕಣ್ಣು ಬಿಡುವವರೆಗೆ ಮರಿ ತಾನಾಗಿ ಮೂತ್ರ, ಮಲ ಮಾಡುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತದೆ. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ತಟ್ಟಿ ಒರೆಸಿ. ಕೆಲವೇ ಕ್ಷಣಕ್ಕೆ ಮೂತ್ರ ಬರುತ್ತದೆ. ಇದನ್ನು ಬಿಟ್ಟರೆ ಮೂತ್ರಕೋಶ ತುಂಬಿ ಮರಿ ಒದ್ದಾಡುತ್ತದೆ. ಮೂತ್ರ ಗಾಢ ಹಳದಿಯಾಗಿದ್ದರೆ ಇನ್ನೂ ನೀರಿನಂಶ ಬೇಕು.

ಕಣ್ಣು ಬಿಟ್ಟ ಮೇಲೆ ಕಷ್ಟ ಮುಗಿಯಿತು ಅಂದುಕೊಳ್ಳುತ್ತೇವೆ ಅಲ್ವಾ? ಇನ್ನೊಂದು ಗಂಡಾಂತರ ಅಲ್ಲೇ ಇದೆ. ಶಿರಾ, ಪಾವಗಡ ಕಡೆ ಶೇಂಗಾ ಮನೆಯಲ್ಲೇ ಇರುತ್ತದೆ. ಅಳಿಲಿಗೆ ಅದೆಂದರೆ ಪ್ರಾಣ, ಅದನ್ನೇ ಕೊಡುತ್ತಾರೆ, ಜೊತೆಗೆ ಬಿಸ್ಕತ್ತು, ಬಾಳೆಹಣ್ಣು. ಕೆಲವು ವಾರ ಕಳೆದ ಮೇಲೆ ಒಂದು ದಿನ ಅಳಿಲು ಹಿಂಗಾಲು ಎಳೆಯತೊಡಗುತ್ತದೆ. ಬಿದ್ದು ಏಟಾಗಿದೆ ಅಂದುಕೊಂಡು ನಮ್ಮ ಹತ್ತಿರ ತರುತ್ತಾರೆ. ಏಟಲ್ಲ, ಮೂಳೆ ಮೆತ್ತಗಾಗಿದೆ. ಶೇಂಗಾದಲ್ಲಿ ರಂಜಕ ಅಂದರೆ ಫಾಸ್ಫರಸ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ಮೈ ತನ್ನ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಬೇಗ ಬಂದರೆ ಕ್ಯಾಲ್ಸಿಯಂ ಔಷಧಿ, ಬಿಸಿಲು, ಆಹಾರ ಬದಲಾವಣೆಯಿಂದ ಸರಿಹೋಗುತ್ತವೆ. ತಡವಾದರೆ ಬೆನ್ನೆಲುಬೇ ಬಾಗಿರುತ್ತದೆ. ಇದು ಪೂರ್ತಿ ತಪ್ಪಿಸಬಹುದಾದ ನೋವು, ಹಾಗಾಗಿ ಮತ್ತೆ ಮತ್ತೆ ಹೇಳುತ್ತೇನೆ. ನಾಲ್ಕೈದು ವಾರದಿಂದ ಹಾಲಿನ ಜೊತೆ ನುಗ್ಗೆ ಸೊಪ್ಪು, ಮೊಳಕೆ ರಾಗಿ, ಸೌತೆಕಾಯಿ, ಸೀಬೆ, ಅತ್ತಿ ಹಣ್ಣು ಸ್ವಲ್ಪ ಸ್ವಲ್ಪ ಇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಶೇಂಗಾ ಯಾವಾಗಲೋ ಒಂದು ಕಾಳು ಸಾಕು. ಬೆಳಗಿನ ಬಿಸಿಲು ದಿನಾ ಸ್ವಲ್ಪ ಹೊತ್ತು ನೇರವಾಗಿ ಬೀಳಲಿ, ಕಿಟಕಿ ಗಾಜಿನ ಹಿಂದಿನ ಬಿಸಿಲು ಉಪಯೋಗವಿಲ್ಲ. ನೆರಳಿಗೆ ಸರಿಯುವ ಜಾಗವೂ ಇರಲಿ. ಹಲ್ಲು ಬೆಳೆಯುತ್ತಲೇ ಇರುತ್ತದೆ, ಕಡಿಯಲು ಕರಟದ ಚೂರು, ಬೇವು ಅಥವಾ ಸೀಬೆಯ ಹಸಿ ಕಡ್ಡಿ ಹಾಕಿ.

ಕಚ್ಚಿದರೆ ರೇಬೀಸ್ ಬರುತ್ತದಾ ಅಂತ ತಾಯಂದಿರು ಕೇಳುತ್ತಾರೆ. ಇಲಿ, ಅಳಿಲಿನಿಂದ ಮನುಷ್ಯರಿಗೆ ರೇಬೀಸ್ ಬರುವುದು ತೀರಾ ಅಪರೂಪ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ವೈದ್ಯರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬೇಕಾ ಅಂತ ಅವರು ಹೇಳುತ್ತಾರೆ.

ಅಳಿಲು ಸಾಕುಪ್ರಾಣಿ ಅಲ್ಲ. ಮರಿ ಸಿಕ್ಕ ದಿನವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಬೆಂಗಳೂರಿನ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ, ಸಾಧ್ಯವಾದವರು ಅಲ್ಲಿಗೆ ತಲುಪಿಸಿದರೆ ಮರಿಗೆ ಒಳ್ಳೆಯದು. ಮನೆಯಲ್ಲಿ ನೋಡಿಕೊಳ್ಳಲೇಬೇಕಾಗಿ ಬಂದರೆ ಒಬ್ಬರೇ ಮುಟ್ಟಿ, ಒಬ್ಬರೇ ಕುಡಿಸಿ. ಹೆಗಲ ಮೇಲೆ ಕೂರಿಸಿ ರೀಲ್ಸ್ ಮಾಡಬೇಡಿ. ಮನುಷ್ಯರ, ನಾಯಿಯ ಭಯ ಹೋದ ಅಳಿಲು ಹೊರಗೆ ಹೆಚ್ಚು ದಿನ ಬದುಕುವುದಿಲ್ಲ.

ಹಾಲು ಬಿಡಲು ಸುಮಾರು 10 ವಾರ ಬೇಕು. ತಾನೇ ಕಾಯಿ ಒಡೆದು ತಿನ್ನುತ್ತಿದ್ದರೆ, ನಮ್ಮನ್ನು ಕಂಡರೆ ಓಡುತ್ತಿದ್ದರೆ ಬಿಡುವ ಕಾಲ ಬಂತು. ದೇವರಾಯನದುರ್ಗದ ಕಾಡಿಗೆ ಬಿಟ್ಟು ಬರುತ್ತೇವೆ ಅನ್ನುತ್ತಾರೆ. ಬೇಡ, ಸಿಕ್ಕ ತೋಟದಲ್ಲೇ ಬಿಡಿ. ಸಣ್ಣ ಕಣ್ಣಿನ ಜಾಲರಿಯ ಪಂಜರವನ್ನು ಗೂಡುಪೆಟ್ಟಿಗೆ ಸಮೇತ ಒಂದು ವಾರ ಮರಕ್ಕೆ ಕಟ್ಟಿ, ಆಮೇಲೆ ಮಳೆಯಿಲ್ಲದ ದಿನ ಬೆಳಿಗ್ಗೆ ಬಾಗಿಲು ತೆಗೆಯಿರಿ. ಪೆಟ್ಟಿಗೆ ಮತ್ತು ಆಹಾರ ಇನ್ನೂ ಎರಡು ವಾರ ಅಲ್ಲೇ ಇರಲಿ, ಕೆಲವು ಅಳಿಲು ರಾತ್ರಿ ಮಲಗಲು ಬರುತ್ತವೆ.

ತೋಟದವರಿಗೆ ಒಂದು ಕೋರಿಕೆ. ಕಾಯಿ ಕೆಡವುವವರು ಮರ ಹತ್ತಿದಾಗ ಗೂಡು ಕಂಡರೆ ಹೇಳಲು ತಿಳಿಸಿ. ಆ ಒಂದು ಮರದ ಒಣಗರಿ, ಗೊನೆಯನ್ನು ಮುಂದಿನ ಸಲಕ್ಕೆ ಬಿಡಿ. ಕೊಬ್ಬರಿಗೆ ಹೇಗೂ ಬಲಿತ ಕಾಯಿಯೇ ಬೇಕು, ಅಷ್ಟರಲ್ಲಿ ಮರಿಗಳು ಓಡಾಡುವಷ್ಟು ಬೆಳೆದಿರುತ್ತವೆ.